ಮಾನಿಟರಿಂಗ್ ಸ್ಕ್ರಿಪ್ಟ್‌ಗಳಿಂದಲೇ ನಿಂತ ಸರ್ವರ್: ದೂರು ಪತ್ರ

ಬ್ಯಾಡಗಿ, ಹಾವೇರಿ ಜಿಲ್ಲೆ
12 ಫೆಬ್ರವರಿ 2025

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಫೆಬ್ರವರಿ 10ರಂದು ನಮ್ಮ ಸರ್ವರ್ ಕೈಕೊಟ್ಟದ್ದು, ನಿಮ್ಮ ಮಾನಿಟರಿಂಗ್ ಅದನ್ನು ಕಾಣದೇ ಹೋದದ್ದು

ಮಾನ್ಯರೇ,

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ 14 ದಲಾಲಿ ಅಂಗಡಿಗಳಿಗೆ ತೂಕ, ಲೆಕ್ಕ, ರೈತರ ಪಟ್ಟಿ (ಮಾರಾಟದ ಬಿಲ್) ಮಾಡಿಕೊಡುವ ಸಾಫ್ಟ್‌ವೇರ್ ನನ್ನದು. ಅದು ಓಡುವುದು ನಿಮ್ಮಿಂದ ಬಾಡಿಗೆಗೆ ಪಡೆದ ಒಂದು ಲಿನಕ್ಸ್ ಸರ್ವರ್ ಮೇಲೆ. ಬಾಡಿಗೆ ಬೇರೆ, ಮಾನಿಟರಿಂಗ್‌ಗೆ ಅಂತ ತಿಂಗಳಿಗೆ 1,800 ರೂಪಾಯಿ ಬೇರೆ ಕಟ್ಟುತ್ತಿದ್ದೇನೆ. 2024ರ ಸೆಪ್ಟೆಂಬರ್ 10ರಂದು ನಿಮ್ಮ ಹುಡುಗರು ಏಜೆಂಟ್ (ಸರ್ವರ್ ಮೇಲೆ ಕಣ್ಣಿಡುವ ಪ್ರೋಗ್ರಾಂ) ಹಾಕಿ, ‘ಇನ್ಮೇಲೆ ಸರ್ವರ್ ಚಿಂತೆ ಬಿಡಿ ಸರ್, 24 ಗಂಟೆ ನಾವು ನೋಡ್ತಿರ್ತೀವಿ’ ಎಂದಿದ್ದರು. ನಾನು ನಂಬಿದ್ದೆ.

ಮೊನ್ನೆ ಸೋಮವಾರ ಏನಾಯಿತು ಎಂದು ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ಫೆಬ್ರವರಿ ಅಂದರೆ ಹಂಗಾಮು ತುಂಬಿದ ಕಾಲ. ಮಧ್ಯಾಹ್ನ ಟೆಂಡರ್ ದರ ಹೊರಬಿದ್ದ ಮೇಲೆ ಅಂಗಡಿ ಅಂಗಡಿಯಲ್ಲಿ ತೂಕ ಶುರುವಾಗುತ್ತದೆ. ತೂಕ ಮುಗಿದ ಹಾಗೆ ಪಟ್ಟಿ ಪ್ರಿಂಟ್ ಆಗಬೇಕು. ರೈತ ಅದನ್ನು ಕೈಯಲ್ಲಿ ಹಿಡಿದ ಮೇಲೇ ಊರಿಗೆ ಹೊರಡುವುದು. 3 ಗಂಟೆ 20 ನಿಮಿಷಕ್ಕೆ ಮೊದಲ ಫೋನ್ ಬಂತು: ತೂಕ ನಮೂದಾಗುತ್ತಿದೆ, ಪಟ್ಟಿ ಬರುತ್ತಿಲ್ಲ. ಐದು ನಿಮಿಷದಲ್ಲಿ ಇನ್ನೂ ಆರು ಅಂಗಡಿಯವರು ಫೋನ್ ಮಾಡಿದರು. ಲಾಗಿನ್ ಕೂಡ ಆಗುತ್ತಿಲ್ಲ ಎಂದರು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ‘ನಮ್ಮ ಕಡೆ ಎಲ್ಲಾ ಹಸಿರು ಇದೆ ಸರ್, ನಿಮ್ಮ ಇಂಟರ್ನೆಟ್ ಒಮ್ಮೆ ನೋಡ್ಕೊಳ್ಳಿ’ ಎಂಬ ಉತ್ತರ ಬಂತು. ನಾನೂ ನಿಮ್ಮ ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ. ನಿಜ, ಎಲ್ಲಾ ಹಸಿರು. ಪಿಂಗ್‌ಗೆ (ಯಂತ್ರ ಎದ್ದಿದೆಯೇ ಎಂದು ಕೇಳುವ ಸಣ್ಣ ಸಂದೇಶ) ಉತ್ತರ ಬರುತ್ತಿದೆ, ವೆಬ್ ಪೋರ್ಟ್ ತೆರೆದಿದೆ, ಡಿಸ್ಕ್ ಶೇ 61 ಮಾತ್ರ ತುಂಬಿದೆ. ಆದರೆ ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಮೇಲಿನ ಡೇಟಾಬೇಸ್, ಅಪ್ಲಿಕೇಶನ್ ಎಲ್ಲಾ ಮಲಗಿದ್ದರೂ ಅದು ಉತ್ತರ ಕೊಡುತ್ತಲೇ ಇರುತ್ತದೆ. ಇದು ನಿಮಗೆ ಗೊತ್ತಿರಬೇಕಾದ ವಿಷಯ ಅಲ್ವಾ?

ಮೆಣಸಿನಕಾಯಿ ಘಾಟಿನ ನಡುವೆ, ಒಂದು ಅಂಗಡಿಯ ಗಲ್ಲೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನೇ ಸರ್ವರ್ ಒಳಗೆ ಹೋದೆ. ಲಾಗ್ ತುಂಬಾ ಒಂದೇ ಸಾಲು, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಅಂದರೆ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ. ಜಾಗದ ಲೆಕ್ಕ ತೋರಿಸುವ ‘ಡಿಎಫ್ -ಎಚ್’ ಕಮಾಂಡ್ ಕೊಟ್ಟರೆ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದೆ. ‘ಡಿಎಫ್ -ಐ’ ಕೊಟ್ಟಾಗ ಗೊತ್ತಾಯಿತು, ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ಒಂದು ನಮೂದು) ಶೇ 100 ಮುಗಿದಿದೆ. ಈ ಪತ್ರ ಓದುವವರು ತಾಂತ್ರಿಕ ವಿಭಾಗದವರಲ್ಲದಿದ್ದರೆ ಹೀಗೆ ಹೇಳುತ್ತೇನೆ: ಗೋದಾಮಿನಲ್ಲಿ ಜಾಗ ಇದೆ, ಆದರೆ ಚೀಲ ಬರೆದುಕೊಳ್ಳುವ ಪುಸ್ತಕದಲ್ಲಿ ಹಾಳೆ ಮುಗಿದಿದೆ. ಇನ್ನೊಂದು ಚೀಲ ಇಳಿಸಿಕೊಳ್ಳಲು ಬರುವುದಿಲ್ಲ. ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಫೈಲ್ ವ್ಯವಸ್ಥೆ) ಡಿಸ್ಕಿನಲ್ಲಿ ಈ ಹಾಳೆಗಳ ಲೆಕ್ಕ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ನಾವೇನೂ ಬದಲಿಸದಿದ್ದರೆ 16 ಕೆಬಿಗೆ ಒಂದು. ನಮ್ಮ 20 ಜಿಬಿಯ ರೂಟ್ ಪಾರ್ಟಿಶನ್‌ಗೆ (ಡಿಸ್ಕಿನ ಮುಖ್ಯ ಭಾಗ) ಸಿಕ್ಕಿದ್ದು 13,10,720. ಅದು ಮುಗಿದ ಮೇಲೆ ಹೊಸ ಫೈಲ್ ಒಂದೂ ಹುಟ್ಟುವುದಿಲ್ಲ. ಲಾಗಿನ್ ಸೆಷನ್ ಇಲ್ಲ, ಪಟ್ಟಿಯ ಪಿಡಿಎಫ್ ಇಲ್ಲ.

ಅಷ್ಟೊಂದು ಫೈಲ್ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಪ್ರೋಗ್ರಾಂನ ಮೇಲ್‌ಡ್ರಾಪ್ ಫೋಲ್ಡರ್ ಸಿಕ್ಕಿತು. ಒಳಗೆ ಸುಮಾರು 11 ಲಕ್ಷ ಚಿಕ್ಕ ಚಿಕ್ಕ ಮೇಲ್. ನಾಲ್ಕೈದು ತೆಗೆದು ಓದಿದೆ. ಎಲ್ಲವೂ ನಿಮ್ಮ ಏಜೆಂಟ್‌ನ ಸ್ಕ್ರಿಪ್ಟ್‌ಗಳು ಬರೆದವು. ಐದು ಸ್ಕ್ರಿಪ್ಟ್‌ಗಳನ್ನು ನಿಮ್ಮವರು ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) ನಿಮಿಷಕ್ಕೊಮ್ಮೆ ಓಡುವ ಹಾಗೆ ಇಟ್ಟಿದ್ದಾರೆ. ಪ್ರತಿ ಸಲವೂ ಒಂದು ಸಾಲಿನ ಎಚ್ಚರಿಕೆ ಹೊರಬರುತ್ತದೆ. ಕ್ರಾನ್ ಅದನ್ನು ಮೇಲ್ ಮಾಡುತ್ತದೆ. ಪೋಸ್ಟ್‌ಫಿಕ್ಸ್ ಸೇವೆಯನ್ನು ಏಜೆಂಟ್ ಹಾಕಿದ ದಿನವೇ ನಿಮ್ಮವರೇ ನಿಲ್ಲಿಸಿದ್ದರಿಂದ ಆ ಮೇಲ್ ಎಲ್ಲಿಗೂ ಹೋಗದೆ ಅಲ್ಲೇ ಬೀಳುತ್ತದೆ. ದಿನಕ್ಕೆ 7,200. ಐದು ತಿಂಗಳಿಗೆ ಲೆಕ್ಕ ಹಾಕಿ, ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಸರ್ವರ್ ಕಾಯಲು ಹಾಕಿದ ಸ್ಕ್ರಿಪ್ಟ್‌ಗಳೇ ಸರ್ವರ್ ತುಂಬಿಸಿವೆ. ನನಗೆ ಜಾಸ್ತಿ ನೋವಾಗಿದ್ದು ಇದಕ್ಕೆ.

ಅಳಿಸುವುದೂ ಸುಲಭವಾಗಲಿಲ್ಲ. ‘ಆರ್‌ಎಂ’ ಕೊಟ್ಟರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’, ಅಂದರೆ ಒಂದೇ ಸಲಕ್ಕೆ ಫೈಲ್ ಹೆಸರು ಜಾಸ್ತಿಯಾಯಿತು ಎಂದಿತು. ಕೊನೆಗೆ ‘ಫೈಂಡ್’ ಕಮಾಂಡ್‌ನಿಂದ ಅಳಿಸುತ್ತಾ ಕೂತೆ. ಪಕ್ಕದಲ್ಲಿ ರೋಣ ಕಡೆಯಿಂದ ಬಂದ ಒಬ್ಬ ಹಿರಿಯರು ಚೀಲದ ಮೇಲೆ ಕೂತಿದ್ದರು. ‘ತಮ್ಮಾ, ನನ್ನ ಪಟ್ಟಿ ಎಷ್ಟೊತ್ತಿಗೆ ಬರ್ತೈತಿ? ಆರರ ಬಸ್ಸು ಹೋದ್ರ ರಾತ್ರಿ ಇಲ್ಲೇ ಮಲಗಬೇಕಾಗತೈತಿ’ ಎಂದು ಮೂರು ಸಲ ಕೇಳಿದರು. ಮೂರು ಸಲವೂ ‘ಈಗ ಬರ್ತೈತಿ ಅಜ್ಜಾರ’ ಎಂದೆ. ಪಟ್ಟಿ ಬಂದಾಗ 5 ಗಂಟೆ 50 ನಿಮಿಷ. ಅವರು ಬಸ್ ಸ್ಟ್ಯಾಂಡ್ ಕಡೆ ಓಡಿದರು. ಬಸ್ಸು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಇಲ್ಲಿ ಒಂದು ಮಾತು. 2024ರ ಮಾರ್ಚ್ 11ರಂದು ದರ ಕುಸಿದು ನಮ್ಮ ಮಾರುಕಟ್ಟೆಯಲ್ಲಿ ಗಲಾಟೆ ಆಗಿ, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅಂದಿನಿಂದ ಮಾರುಕಟ್ಟೆ ದಿನ ಏನಾದರೂ ತಡವಾಗಿ, ಅಂಗಡಿ ಮುಂದೆ ಜನ ಸೇರಿದರೆ ದಲಾಲರಿಗೂ ಹಮಾಲರಿಗೂ ಎದೆ ಡವಡವ ಅನ್ನುತ್ತದೆ. ಎರಡೂವರೆ ಗಂಟೆ ಪಟ್ಟಿ ನಿಂತರೆ ಇಲ್ಲಿ ಅದು ಸಣ್ಣ ಸಂಗತಿ ಅಲ್ಲ.

ನಿಮ್ಮಿಂದ ಎಚ್ಚರಿಕೆಯೇ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ದಿನಾ ಬರುತ್ತದೆ, ‘ಮೆಮೊರಿ ಶೇ 92 ಬಳಕೆ’ ಅಂತ. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನು ಫೈಲ್ ಕ್ಯಾಶ್‌ಗೆ (ಓದಿದ ಫೈಲ್‌ಗಳ ನಕಲು ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನಿಜವಾಗಿ ಎಷ್ಟು ಸಿಗುತ್ತದೆ ಎಂದು ತಿಳಿಯಲು ‘ಅವೈಲಬಲ್’ ಎಂಬ ಅಂಕಿ ಕರ್ನಲ್ 3.14ರಿಂದ, ಅಂದರೆ 2014ರಿಂದಲೇ ಇದೆ. ನಿಮ್ಮ ಏಜೆಂಟ್ ಕ್ಯಾಶನ್ನೂ ಸೇರಿಸಿ ಎಣಿಸುತ್ತಿದೆ. ಐದು ತಿಂಗಳು ಸುಮ್ನೆ ಸುಳ್ಳು ಎಚ್ಚರಿಕೆ ಕಳಿಸಿದರೆ, ನಾಳೆ ನಿಜವಾದದ್ದು ಬಂದರೂ ಯಾರು ತೆಗೆದು ನೋಡುತ್ತಾರೆ?

ಜನವರಿ 23ರಂದು ನಾನು ಬರೆದ ಇನ್ನೊಂದು ದೂರಿಗೂ ಸರಿಯಾದ ಉತ್ತರ ಬಂದಿಲ್ಲ. ಮಾರುಕಟ್ಟೆ ದಿನ ಸಂಜೆ ಸರ್ವರ್ ನಿಧಾನವಾಗುತ್ತದೆ ಎಂದಿದ್ದೆ. ‘ಸಿಪಿಯು ಬಳಕೆ ಶೇ 40 ಮಾತ್ರ ಇದೆ, ದೊಡ್ಡ ಪ್ಲಾನ್ ತಗೊಳ್ಳಿ’ ಎಂದಿರಿ. ಸರ್ವರ್ ಬಳಕೆ ತೋರಿಸುವ ‘ಟಾಪ್’ ಕಮಾಂಡ್‌ನಲ್ಲಿ ‘ಎಸ್‌ಟಿ’ ಎಂಬ ಅಂಕಿ ಆಗ ಶೇ 30 ದಾಟಿತ್ತು. ನಮ್ಮ ಸರ್ವರ್ ಕೆಲಸಕ್ಕೆ ಕಾದಿತ್ತು, ಆ ಹೊತ್ತಿನಲ್ಲಿ, ಹಲವರ ಸರ್ವರ್ ಒಟ್ಟಿಗೆ ಓಡುವ ನಿಮ್ಮ ದೊಡ್ಡ ಯಂತ್ರ ಸಿಪಿಯುವನ್ನು ಬೇರೆ ಗ್ರಾಹಕರಿಗೆ ಕೊಟ್ಟಿತ್ತು ಎಂದು ಅದರ ಅರ್ಥ. ಅದೇ ಯಂತ್ರದ ಮೇಲೆ ದೊಡ್ಡ ಪ್ಲಾನ್ ಹಾಕಿಕೊಂಡರೂ ಕಾಯುವುದು ತಪ್ಪುತ್ತದೆ ಎಂದು ಹೇಗೆ ನಂಬಲಿ? ಸರ್ವರ್ ಬಳಕೆ ದಾಖಲಿಸುವ ‘ಸಾರ್’ ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟ ದಾಖಲೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಈಗ ನಾನು ಕೇಳುವುದು ಇಷ್ಟು. ಐದು ತಿಂಗಳ ಮಾನಿಟರಿಂಗ್ ಹಣ 9,000 ರೂಪಾಯಿ ವಾಪಸ್ ಕೊಡಿ. ಸ್ಕ್ರಿಪ್ಟ್‌ಗಳ ಎಚ್ಚರಿಕೆ ಮೇಲ್‌ಗೆ ಹೋಗದ ಹಾಗೆ ನಾನು ತಾತ್ಕಾಲಿಕವಾಗಿ ಮಾಡಿದ್ದೇನೆ. ನೀವು ಅದನ್ನು ಮೂಲದಲ್ಲೇ ಸರಿಪಡಿಸಿ. ಇದೇ ಏಜೆಂಟ್ ಇರುವ ನಿಮ್ಮ ಬೇರೆ ಗ್ರಾಹಕರ ಸರ್ವರ್‌ಗಳನ್ನೂ ಇಂದೇ ನೋಡಿ. ಅವರಿಗೆ ಇನ್ನೂ ಗೊತ್ತೇ ಆಗಿರಲಿಕ್ಕಿಲ್ಲ. ಐನೋಡ್ ಶೇ 80 ದಾಟಿದಾಗ, ‘ಎಸ್‌ಟಿ’ ಶೇ 10 ದಾಟಿ ಹತ್ತು ನಿಮಿಷ ಇಳಿಯದೇ ಇದ್ದಾಗ ನನಗೆ ತಿಳಿಯಬೇಕು. ಪಿಂಗ್ ಜೊತೆಗೆ, ಹೊರಗಿನಿಂದ ಲಾಗಿನ್ ಆಗಿ ಒಂದು ಪರೀಕ್ಷೆಯ ಪಟ್ಟಿ ತೆಗೆದು ನೋಡುವ ತಪಾಸಣೆ ಬೇಕು. ಅದಕ್ಕೆ ಬೇಕಾದ ಖಾತೆಯನ್ನು ನಾನೇ ಮಾಡಿಕೊಡುತ್ತೇನೆ. ಸೋಮವಾರ, ಗುರುವಾರ ಎಚ್ಚರಿಕೆ ಇಮೇಲ್‌ಗೆ ಬೇಡ, ಫೋನ್ ಮಾಡಿ. ಸರ್ವರನ್ನು ಒತ್ತಡ ಕಡಿಮೆ ಇರುವ ಯಂತ್ರಕ್ಕೆ ಮಂಗಳವಾರ ಅಥವಾ ಶುಕ್ರವಾರ ರಾತ್ರಿ ಸ್ಥಳಾಂತರಿಸಿ. ಬೇರೆ ದಿನ ಮುಟ್ಟಬೇಡಿ.

ನಾಳೆ ಗುರುವಾರ, ಮತ್ತೆ ಮಾರುಕಟ್ಟೆ. ಹಂಗಾಮಿನ ನಡುವೆ ಸರ್ವರ್ ಬೇರೆ ಕಂಪನಿಗೆ ಒಯ್ಯುವ ಧೈರ್ಯ ನನಗಿಲ್ಲ. ಹಾಗಾಗಿ ಬೆಳಿಗ್ಗೆ 10 ಗಂಟೆಯೊಳಗೆ ನಿಮ್ಮ ತಾಂತ್ರಿಕ ವಿಭಾಗದ ಹಿರಿಯರೊಬ್ಬರು ನನಗೆ ಫೋನ್ ಮಾಡಲಿ. ಉಳಿದದ್ದಕ್ಕೆ ಏಳು ದಿನದಲ್ಲಿ ಲಿಖಿತ ಉತ್ತರ ಕೊಡಿ.

ಇಂತಿ ನಿಮ್ಮ ಗ್ರಾಹಕ,
ಬ್ಯಾಡಗಿ

ಲಗತ್ತು: ಡಿಎಫ್ -ಐ ತೋರಿಸಿದ ಪರದೆಯ ಚಿತ್ರ, ಅದೇ ಹೊತ್ತಿನ ನಿಮ್ಮ ಡ್ಯಾಶ್‌ಬೋರ್ಡ್ ಚಿತ್ರ, ಮೇಲ್‌ಡ್ರಾಪ್‌ನಲ್ಲಿ ಸಿಕ್ಕ ಐದು ಮೇಲ್, ಜನವರಿಯ ಸಾರ್ ದಾಖಲೆ