ಐನ್‌ಮನೆಯ ಚಿತ್ರಗಳನ್ನು ಉಳಿಸಿಕೊಟ್ಟವರಿಗೆ

ಕಕ್ಕಡ ಮಾಸದ ಮಳೆ ಬಿಡದೆ ಸುರಿಯುತ್ತಿದ್ದ ಆ ಸಂಜೆ, ಮಡಿಕೇರಿಯ ಜೆರಾಕ್ಸ್ ಅಂಗಡಿಯಲ್ಲಿ, ನಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಹಳೆಯ ಚಿತ್ರಗಳಿದ್ದ ಹಾರ್ಡ್ ಡಿಸ್ಕಿನ ಕೇಬಲನ್ನು ನಾನು ಎಳೆಯಲು ಹೊರಟಾಗ ‘ಸ್ವಲ್ಪ ತಡೆಯಿರಿ’ ಎಂದು ಕೈ ಅಡ್ಡ ಹಿಡಿದ, ಹೆಸರು ಕೇಳಲೂ ಆಗದ ತಮಗೆ ಹೃತ್ಪೂರ್ವಕ ಧನ್ಯವಾದಗಳು.

ತೆರೆದಿದ್ದ ಕಡತಗಳನ್ನೆಲ್ಲ ಮುಚ್ಚಿದ್ದರೂ, ಡಿಸ್ಕನ್ನು ಸುರಕ್ಷಿತವಾಗಿ ಕಳಚಲು (ಇಜೆಕ್ಟ್) ಹೋದಾಗಲೆಲ್ಲ ಡಿಸ್ಕ್ ಬಳಕೆಯಲ್ಲಿದೆ ಎಂಬ ಸಂದೇಶವೇ ಮತ್ತೆ ಮತ್ತೆ ಬರುತ್ತಿತ್ತು. ತಾವು ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ 225 ಎಂಬ ಸಂಖ್ಯೆಯ ದಾಖಲೆಯನ್ನು ಹುಡುಕಿ, ಡಿಸ್ಕನ್ನು ಹಿಡಿದಿಟ್ಟುಕೊಂಡಿದ್ದ ಪ್ರೋಗ್ರಾಂ ಯಾವುದೆಂದು ಬೆರಳಿಟ್ಟು ತೋರಿಸಿದಿರಿ; ಅದು ಹಿನ್ನೆಲೆಯಲ್ಲಿ ಓಡುತ್ತಿದ್ದ ಆಂಟಿವೈರಸ್ ತಪಾಸಣೆಯಾಗಿತ್ತು. ಅದನ್ನು ನಿಲ್ಲಿಸಿದೊಡನೆ ಡಿಸ್ಕ್ ಕಳಚಿಕೊಂಡಿತು. ದತ್ತಾಂಶ ಬರೆಯುತ್ತಿರುವಾಗಲೇ ಕೇಬಲ್ ಎಳೆದರೆ ಕಡತಗಳು ಕೆಡಬಹುದೆಂದೂ, ಬೇರೆ ದಾರಿ ಕಾಣದಿದ್ದರೆ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿದ ಮೇಲೆಯೇ ತೆಗೆಯಬೇಕೆಂದೂ ತಾಳ್ಮೆಯಿಂದ ತಿಳಿಸಿದಿರಿ.

ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ನಿಂತ ಅಜ್ಜನ ಚಿತ್ರ ನಮ್ಮಲ್ಲಿರುವುದು ಅದೊಂದೇ. ನಿನ್ನೆ ಅದನ್ನು ತೆರೆದು ಅಜ್ಜಿಗೆ ತೋರಿಸಿದೆ.