ನಟರಿಗೆ ಎಷ್ಟು ಮೆಚ್ಚುಗೆ?

ಪ್ರೀತಿಯ ಮಗಳೇ,

ನಟರನ್ನು ಜನ ಇಷ್ಟೊಂದು ತಲೆ ಮೇಲೆ ಹೊತ್ತು ಮೆರೆಸುವುದು ಸರಿಯಾ ಅಂತ ಕೇಳಿದ್ದೀಯ. ಅಭಿನಯಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ತೆರೆಯ ಮೇಲೆ ಕಾಣುವುದರಲ್ಲಿ ನಟರ ಪಾಲು ಯಾವುದು ಅಂತ ಮೊದಲು ಗೊತ್ತಿರಬೇಕು.

ಅಳುವ ದೃಶ್ಯವನ್ನೇ ತಗೋ. ಕಣ್ಣೀರು ಗ್ಲಿಸರಿನ್‌ನದ್ದಿರಬಹುದು, ಇರಲಿ, ಅದು ಮೋಸವಲ್ಲ. ಕಷ್ಟ ಇರುವುದು ಬೇರೆ ಕಡೆ. ಆ ದೃಶ್ಯವನ್ನು ಸಾಮಾನ್ಯವಾಗಿ ಮೊದಲು ದೂರದಿಂದ, ಆಮೇಲೆ ಎದುರಿನವರ ಭುಜದ ಹಿಂದಿನಿಂದ, ಕೊನೆಗೆ ಕ್ಲೋಸಪ್‌ನಲ್ಲಿ ತೆಗೆಯುತ್ತಾರೆ. ಪ್ರತಿ ಸಲ ಲೈಟಿಂಗ್ ಬದಲಾಗಬೇಕು, ಅದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಮೊದಲ ಟೇಕಿನಲ್ಲಿ ಯಾವ ಮಾತಿಗೆ, ಯಾವ ಕೈಯಲ್ಲಿ ಲೋಟ ಎತ್ತಿದರೋ ಕೊನೆಯದರಲ್ಲೂ ಹಾಗೇ ಎತ್ತಬೇಕು. ತಪ್ಪಿದರೆ ಎರಡು ಶಾಟ್ ಜೋಡಿಸಿದಾಗ ಲೋಟ ಜಿಗಿದಂತೆ ಕಾಣುತ್ತದೆ. ಎಷ್ಟೇ ಚೆನ್ನಾಗಿ ಅತ್ತಿದ್ದರೂ ಸಂಕಲನಕಾರರು ಆ ಟೇಕನ್ನು ಕೈಬಿಡಬೇಕಾಗಬಹುದು. ನೆಲಕ್ಕೆ ಟೇಪ್ ಅಂಟಿಸಿದ ಗುರುತಿನ ಮೇಲೆ, ಕೆಳಗೆ ನೋಡದೇ ಬಂದು ನಿಲ್ಲಬೇಕು. ಕ್ಲೋಸಪ್‌ನಲ್ಲಿ ಫೋಕಸ್ ಸಿಗುವ ಆಳ ಕೆಲವೊಮ್ಮೆ ಒಂದೆರಡು ಇಂಚು, ಸ್ವಲ್ಪ ಮುಂದೆ ವಾಲಿದರೂ ಮುಖ ಮಸುಕು. ಇಷ್ಟನ್ನೂ ನೆನಪಿಟ್ಟುಕೊಂಡು, ದುಃಖ ಈಗ ತಾನೇ ಬಂತು ಅನ್ನಿಸಬೇಕು. ಅದೂ ಕಥೆಯ ಕ್ರಮದಲ್ಲಲ್ಲ. ಲೊಕೇಶನ್ ಸಿಕ್ಕಂತೆ ಶೂಟಿಂಗ್, ಹಾಗಾಗಿ ಸಾವಿನ ದೃಶ್ಯ ಮೊದಲು, ಪ್ರೀತಿ ಹುಟ್ಟುವುದು ಆಮೇಲೆ ಅನ್ನುವುದೂ ಉಂಟು.

ಇನ್ನು ಡೈಲಾಗ್ ಬರೆದವರು ಬೇರೆ, ಮಹಡಿಯಿಂದ ಹಾರಿದವರು ಡ್ಯೂಪ್, ಹಾಡಿದವರು ಇನ್ಯಾರೋ. ಕೆಲವರ ಮಾತಿನ ದನಿಯೂ ಡಬ್ಬಿಂಗ್ ಕಲಾವಿದರದ್ದೇ. ಶಿಳ್ಳೆ ಮಾತ್ರ ಒಬ್ಬರಿಗೆ!

ಅಭಿನಯವನ್ನಷ್ಟೇ ತೂಗಿ ನೋಡಬೇಕೆಂದರೆ ಮೊದಲು ದೃಶ್ಯದ ಸದ್ದು ನಿಲ್ಲಿಸಿ ನೋಡು, ಹಿನ್ನೆಲೆ ಸಂಗೀತ ಎಷ್ಟು ಭಾರ ಹೊತ್ತಿತ್ತು ಅಂತ ತಕ್ಷಣ ತಿಳಿಯುತ್ತದೆ. ಆಮೇಲೆ ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಕಣ್ಣು, ಉಸಿರು ಗಮನಿಸು. ತಮ್ಮ ಸರದಿಗಷ್ಟೇ ಕಾಯುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಮೆಚ್ಚುಗೆ ದಾರಿ ತಪ್ಪುವುದು ಕೆಲಸದಿಂದ ಮನುಷ್ಯನಿಗೆ ಹಾರುವಾಗ. ಸೈನ್ಯಾಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ವಿವರಿಸಿದರು: ಮೈಕಟ್ಟಿಗೆ ಹೆಚ್ಚು ಅಂಕ ಬಿದ್ದವರಿಗೆ ಬುದ್ಧಿಗೂ ನಡತೆಗೂ ಹೆಚ್ಚು ಬೀಳುತ್ತಿತ್ತು. ಒಂದು ಗುಣ ಮೆಚ್ಚಿದರೆ ಉಳಿದವೂ ಚೆನ್ನಾಗೇ ಇವೆ ಅನ್ನಿಸಿಬಿಡುತ್ತದೆ. ತೆರೆಯ ಮೇಲಿನ ಮುಖದ ವಿಷಯದಲ್ಲೂ ಹೀಗಾಗಬಹುದು. ಕ್ಯಾಮೆರಾ ನೋಡುತ್ತಾ ಆಡಿದ ಮಾತು ನಿನಗೊಬ್ಬಳಿಗೇ ಹೇಳಿದಂತಿರುತ್ತದೆ. ನಿನಗೆ ಅವರು ಹತ್ತಿರದವರು ಅನ್ನಿಸುತ್ತದೆ, ಅವರಿಗೆ ನೀನು ಯಾರೋ.

ಹಾಗಾಗಿ ಅವರು ಔಷಧಿಯನ್ನೋ ಸಾಲದ ಆ್ಯಪನ್ನೋ ಹೊಗಳಿದರೆ, ಆ ಮಾತನ್ನು ಚೀಟಿಯಲ್ಲಿ ಬರೆದು ಹೆಸರಿಲ್ಲದೆ ಓದು. ಆಗಲೂ ನಂಬಿಕೆ ಬಂದರೆ ಕೊಳ್ಳು. ಅವರು ತಪ್ಪು ಮಾಡಿ ಸಿಕ್ಕಿಬಿದ್ದಾಗಲೂ ಅಷ್ಟೇ, ಚೆನ್ನಾಗಿ ಅಳಬಲ್ಲರು ಅನ್ನುವುದು ಸಾಕ್ಷಿಯಾಗುವುದಿಲ್ಲ.

ಇಂತಿ,
ನಿನ್ನ ಅಪ್ಪ