ಹೆಸರು ಹೇಳದೆ ಹೋದವರಿಗೆ

ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ SQL ಭಾಷೆಯಲ್ಲಿ ನನಗೆ ಪ್ರತಿ ವಿಭಾಗದಲ್ಲೂ ಜಾಸ್ತಿ ಅಂಕ ಪಡೆದ ಮೂವರು ಬೇಕಿತ್ತು. ಸುಮ್ನೆ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ರೋ ನಂಬರ್ ಹಾಕಿ ಕೂತಿದ್ದೆ. 92 ಅಂಕ ಇಬ್ಬರಿಗಿತ್ತು. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಮ್ಮೆ ಓಡಿಸಿದರೆ ಒಬ್ಬರು ಮೂರನೆಯವರು, ಇನ್ನೊಮ್ಮೆ ಓಡಿಸಿದರೆ ಮತ್ತೊಬ್ಬರು. ತಲೆ ಕೆಟ್ಟುಹೋಗಿ, ಯಾಕೆ ಹೀಗೆ ಅಂತ ಕೇಳಿದ್ದೆ.

ಅದಕ್ಕೆ ನೀವು ಬರೆದ ಉತ್ತರ ನಾಲ್ಕೇ ಸಾಲು. ಅಂಕ ಸಮ ಬಂದರೆ ರ‍್ಯಾಂಕ್ 1, 2, 2, 4 ಅಂತ ಒಂದನ್ನು ಹಾರಿಸುತ್ತದೆ, ಡೆನ್ಸ್ ರ‍್ಯಾಂಕ್ 1, 2, 2, 3 ಅನ್ನುತ್ತದೆ. ರೋ ನಂಬರ್ ಮಾತ್ರ ಯಾರನ್ನೋ ಒಬ್ಬರನ್ನು ಮುಂದೆ ತಳ್ಳುತ್ತದೆ. ವಿಭಾಗವಾರು ಬೇರೆಬೇರೆಯಾಗಿ ಎಣಿಸುವ ಪಾರ್ಟಿಷನ್ ಬೈ ನನಗೆ ಗೊತ್ತಿತ್ತು, ಬಿಡಿ. ಆದರೆ ಸಾಲುಗಳನ್ನು ಸೋಸುವ ವೇರ್‌ನಲ್ಲಿ ನೇರವಾಗಿ ರ‍್ಯಾಂಕ್ ಹಾಕಿದರೆ ಎರರ್ ಯಾಕೆ ಅಂತ ಗೊತ್ತಿರಲಿಲ್ಲ. ವೇರ್ ಮೊದಲು, ರ‍್ಯಾಂಕ್ ಆಮೇಲೆ. ಅದಕ್ಕೇ ಕ್ವೆರಿಯೊಳಗಿನ ಕ್ವೆರಿಯಾದ ಸಬ್‌ಕ್ವೆರಿಯೊಳಗೆ ಎಣಿಸಿ ಹೊರಗೆ ಸೋಸಿ ಅಂದಿರಿ. ಇಷ್ಟೇ ಅಲ್ವಾ!

ತುಂಬಾ ಥ್ಯಾಂಕ್ಸ್. ಖುಷಿಯಲ್ಲಿ ನಿಮ್ಮ ಹೆಸರು ಕೇಳುವುದನ್ನೇ ಮರೆತೆ.